ಎಡಗಡೆಯಿಂದ ಇಳಿಯುವುದು

ಶನಿವಾರ ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ನೆವಿಲ್ ಓಲ್ಡ್‌ರಾಯ್ಡ್ ಕಾರಿನಿಂದ ಹೊರಬರುವ ಪರೀಕ್ಷೆಯಲ್ಲಿ ಫೇಲಾದ. ಕ್ಯಾಲ್ಡರ್ಬಿ ರೇಸ್ ಮೈದಾನದ ತಪಾಸಣೆ ಶೆಡ್ಡಿನಲ್ಲಿ, ತನ್ನ ತಂಡದವರ ಎದುರಿಗೇ ಫೇಲಾದ. ಪರೀಕ್ಷೆ ಕಷ್ಟದ್ದೇನಲ್ಲ. ಒಂಟಿ ಸೀಟಿನ ಕಾರಿನಲ್ಲಿ ಹೆಲ್ಮೆಟ್ ಹಾಕಿಕೊಂಡು, ಬೆಲ್ಟು ಬಿಗಿದುಕೊಂಡು ಕೂತಿರಬೇಕು. ಹೂಂ ಅಂದ ಕೂಡಲೇ ಬೆಲ್ಟು ಬಿಚ್ಚಿ, ಸ್ಟೀರಿಂಗನ್ನು ಅದರ ಕಂಬದಿಂದ ಕಿತ್ತು, ಐದು ಸೆಕೆಂಡಿನೊಳಗೆ ಎರಡೂ ಕಾಲು ನೆಲಕ್ಕೆ ಊರಬೇಕು. ಇನ್ನೈದು ಸೆಕೆಂಡಿನೊಳಗೆ ಸ್ಟೀರಿಂಗ್ ಮತ್ತೆ ಅದರ ಜಾಗದಲ್ಲಿರಬೇಕು. ವರ್ಷಕ್ಕೊಮ್ಮೆ ರೇಸಿನ ಋತು ಶುರುವಾಗುವಾಗ ಅವನು ಇದನ್ನು ಮಾಡುತ್ತಲೇ ಬಂದಿದ್ದ. ಹೇಳುತ್ತಿದ್ದ ಜೋಕನ್ನು ಅರ್ಧಕ್ಕೆ ನಿಲ್ಲಿಸಿ ಕಾರಿನೊಳಗಿಂದ ಎದ್ದು ಬಂದು ಉಳಿದರ್ಧ ಹೇಳುತ್ತಿದ್ದ. ಈ ವರ್ಷ ಹಾಗಿರಲಿಲ್ಲ. ಫೆಬ್ರವರಿಯಲ್ಲಿ ಅಭ್ಯಾಸದ ಓಟದಲ್ಲಿ ಕಾರು ಗೋಡೆಗೆ ಹೋಗಿ ಅವನ ಎಡಪಾದದ ಕೀಲು ಮುರಿದಿತ್ತು, ಒಳಗೆ ಸ್ಕ್ರೂಗಳಿದ್ದವು, ಪೆಟ್ಟಾದವನು ಮತ್ತೆ ರೇಸಿಗೆ ಇಳಿಯಬೇಕಾದರೆ ಡಾಕ್ಟರ ಎದುರಿಗೆ ಹೊರಬಂದು ತೋರಿಸಬೇಕು. ಅವನು ಬಲಗಡೆಯಿಂದ ಹಾರಿದ. ಬಲಗಾಲು ಮೊದಲು, ಎಡಗಾಲು ಅದರ ಪಕ್ಕಕ್ಕೆ ಮೆಲ್ಲಗೆ. ನೋವು ಮುಖಕ್ಕೆ ಬರಲಿಲ್ಲ. ಡಾಕ್ಟರ್ ಟ್ರೆಲೋರ್ ಅವನ ಕಾಲನ್ನೇ ನೋಡುತ್ತಿದ್ದಳು, ಕೈಯಲ್ಲಿದ್ದ ಗಡಿಯಾರ ಒತ್ತಿದಳು, ತಲೆಯಾಡಿಸಿದಳು. ಅವನು ನಗಲಿಕ್ಕೂ ಶುರು ಮಾಡಿದ್ದ. ಆಗ ಹಿಂದಿನಿಂದ, ಕಿತ್ತಳೆ ಬಣ್ಣದ ಮೇಲಂಗಿ ತೊಟ್ಟು ಕೋಲಿಗೆ ಒರಗಿ ನಿಂತಿದ್ದ ಮುದುಕ, ದನಿ ಎತ್ತರಿಸದೆ, "ಸ್ಟೀರಿಂಗ್" ಅಂದ. ಎಲ್ಲರೂ ನೋಡಿದರು. ಸ್ಟೀರಿಂಗ್ ಒಂದಷ್ಟು ದೂರದಲ್ಲಿ ಕಾಂಕ್ರೀಟಿನ ಮೇಲೆ ಮಗುಚಿ ಬಿದ್ದಿತ್ತು. ಅದನ್ನು ಎಸೆದದ್ದು ತನ್ನ ಕೈಯೇ ಎಂದು ಒಪ್ಪಿಕೊಳ್ಳಲು ನೆವಿಲ್‌ಗೆ ಎಷ್ಟು ಹೊತ್ತು ಬೇಕಾಯಿತೋ ಅಷ್ಟರಲ್ಲಿ ಇನ್ನೈದು ಸೆಕೆಂಡು ಮುಗಿದಿತ್ತು.

ಹತ್ತೂವರೆಗೆ ಇನ್ನೊಂದು ಸಲ ನೋಡಬಹುದು ಎಂದಳು ಡಾಕ್ಟರ್. ಹನ್ನೊಂದಕ್ಕೆ, ನಾಳೆಯ ರೇಸಿನಲ್ಲಿ ಯಾರ ಹಿಂದೆ ಯಾರು ನಿಲ್ಲಬೇಕೆಂದು ತೀರ್ಮಾನಿಸುವ ಅರ್ಹತೆಯ ಓಟ. ಅದರೊಳಗೆ ಆಗದಿದ್ದರೆ ಈ ವಾರ ಕಾರಿನಲ್ಲಿ ತಂಡದ ಬದಲಿ ಆಳು ಕೂರುತ್ತಾನೆ. ಅವಳ ಮಾತಿನಲ್ಲಿ ಸಿಡುಕಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು ಅನಿಸಿತು ಅವನಿಗೆ, ಜಗಳಕ್ಕೆ ಒಂದು ಎಳೆ ಸಿಗುತ್ತಿತ್ತು. ಕೋಲಿಗೆ ಒರಗಿದ್ದ ಮುದುಕ ಬಗ್ಗಿ ಸ್ಟೀರಿಂಗ್ ಎತ್ತಿಕೊಳ್ಳಲು ಹೋದ. ಅವನ ಬಲ ಮೊಣಕಾಲು ಮಡಚಲಿಲ್ಲ. ಕಾಲನ್ನು ಪಕ್ಕಕ್ಕೆ ಚಾಚಿ, ಕುದುರೆ ಮೇವಿಗೆ ಬಾಗಿದ ಹಾಗೆ ಬಾಗಿ ಎತ್ತಿ, ತೋಳಿನಿಂದ ದೂಳು ಒರೆಸಿ ಅದನ್ನು ಕಾರಿನ ಮೂತಿಯ ಮೇಲಿಟ್ಟ. ಬರ್ನಾರ್ಡ್ ಕ್ರಾಸ್‌ಥ್ವೇಟ್. ಆ ಮೊಣಕಾಲು ಹಾಗಾದದ್ದು ನೆವಿಲ್‌ನಿಂದ. ಇದು ಶೆಡ್ಡಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಬಾತ್‌ಟಬ್ಬಿನದೇ ತಪ್ಪು, ಅವನಿಗೆ ಹೊರಗೆ ಗಾಳಿಗೆ ಬಂದಮೇಲೆ ಹೊಳೆಯಿತು. ಆರು ವಾರ ಮನೆಯಲ್ಲಿ ನೀರಿಲ್ಲದ ಬಾತ್‌ಟಬ್ಬಿನಲ್ಲಿ ರೇಸಿನ ಉಡುಪು ತೊಟ್ಟು, ಹೆಲ್ಮೆಟ್ ಹಾಕಿ ಕೂತು ಎದ್ದು ಅಭ್ಯಾಸ ಮಾಡಿದ್ದ. ಹೆಂಡತಿ ಮೌರೀನ್ ಕಮೋಡಿನ ಮುಚ್ಚಳದ ಮೇಲೆ ಕೂತು ಅಡುಗೆಮನೆಯ ಗಡಿಯಾರ ಹಿಡಿಯುತ್ತಿದ್ದಳು. ಸ್ಟೀರಿಂಗ್ ಬದಲಿಗೆ ಆಲೂಗಡ್ಡೆ ಬೇಯಿಸುವ ಪಾತ್ರೆಯ ಮುಚ್ಚಳ. ಅದನ್ನು ಕಿತ್ತಂತೆ ಮಾಡಿ, ಸದ್ದಾಗದ ಹಾಗೆ ಕಾಲೊರಸಿನ ಮೇಲೆ ಎಸೆದು, ಟಬ್ಬಿನ ಅಂಚು ಹಿಡಿದು ಹಾರುವುದು. "ಸ್ನಾನದಿಂದ ನೀನು ಇಷ್ಟು ಬೇಗ ಎದ್ದಿದ್ದು ಮದುವೆಯಾದಾಗಿಂದ ನೋಡಿಲ್ಲ," ಎನ್ನುತ್ತಿದ್ದಳು ಮೌರೀನ್, "ಇನ್ಮೇಲೆ ನನಗೂ ಬಿಸಿನೀರು ಉಳಿಯುತ್ತೆ." ಇಬ್ಬರೂ ನಗುತ್ತಿದ್ದರು. ಮುಚ್ಚಳವನ್ನು ಮತ್ತೆ ಇಡಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಇಡಲಿಕ್ಕೆ ಬಾತ್‌ಟಬ್ಬಿನಲ್ಲಿ ಜಾಗವೆಲ್ಲಿದೆ. ಟಬ್ಬಿನ ಎಡಕ್ಕೆ ಟೈಲ್ಸ್ ಹಚ್ಚಿದ ಗೋಡೆ. ಹಾಗಾಗಿ ಆರು ವಾರವೂ ಬಲಕ್ಕೇ ಹಾರಿದ್ದ, ಆರು ವಾರವೂ ಎಸೆದಿದ್ದ. ಮೈ ಕಲಿತದ್ದನ್ನು ಮೈ ಮಾಡಿತ್ತು, ಅಷ್ಟೆ. ಆದರೆ ಈ ಸಮಾಧಾನ ಅವನನ್ನು ಹೆಚ್ಚು ದೂರ ಒಯ್ಯಲಿಲ್ಲ. ಮೈ ಅದನ್ನು ಬಾತ್‌ಟಬ್ಬಿನಲ್ಲಿ ಮೊದಲ ಸಲ ಕಲಿತದ್ದಲ್ಲ.

ಮಿಲ್ ತಿರುವು ಇಲ್ಲಿಂದ ಕಾಣುತ್ತದೆ, ಟೈರು ಪೇರಿಸಿದ ಗೋಡೆಯ ಪಕ್ಕ ಏರುವ ಹುಲ್ಲಿನ ಇಳಿಜಾರು. ಏಳು ವರ್ಷದ ಹಿಂದೆ ಆ ಹುಲ್ಲು ಒದ್ದೆಯಾಗಿತ್ತು. ಆಗ ಅವನಿಗೆ ಇಪ್ಪತ್ತೊಂಬತ್ತು. ಅಂಕಗಳಲ್ಲಿ ಎಲ್ಲರಿಗಿಂತ ಮುಂದಿದ್ದ. ಆ ರೇಸಿನಲ್ಲಿ ಬರೀ ಮುಗಿಸಿದ್ದರೂ ಸಾಕಿತ್ತು. ಹಿಂದಿನವನು ತಗುಲಿದ, ಕಾರು ಗಿರಕಿ ಹೊಡೆದು ಹುಲ್ಲಿನ ಮೇಲೇರಿ ನಿಂತಿತು, ಎಂಜಿನ್ ಆರಿತು. ಅವನು ಸ್ಟೀರಿಂಗ್ ಕಿತ್ತು ಬೇಲಿಯಾಚೆ ತುರಿಕೆಸೊಪ್ಪಿನ ಪೊದೆಗೆ ಎಸೆದು ನಡೆದುಬಿಟ್ಟ. ಮುಂದಿನ ಚಕ್ರಗಳು ಎಡಕ್ಕೆ ತಿರುಗಿದ್ದು ಹಾಗೇ ನಿಂತಿದ್ದವು. ಮೂವರು ಮಾರ್ಷಲ್‌ಗಳು ಕಾರನ್ನು ನೂಕಲು ಬಂದರು. ವಾರದ ದಿನಗಳಲ್ಲಿ ಒಬ್ಬ ಅಂಚೆ ಹಂಚುತ್ತಿದ್ದ, ಒಬ್ಬ ಹಲ್ಲಿನ ಡಾಕ್ಟರು, ಒಬ್ಬಳು ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಶನಿವಾರ ಭಾನುವಾರ ಮನೆಯಿಂದ ಬುತ್ತಿ ಕಟ್ಟಿಕೊಂಡು ಬಂದು ಇಲ್ಲಿ ಬಾವುಟ ಬೀಸುವವರು. ಸ್ಟೀರಿಂಗ್ ಇಲ್ಲದ ಕಾರು ಹೇಳಿದ ಕಡೆ ಹೋಗುವುದಿಲ್ಲ. ಅದು ಅಡ್ಡ ತಿರುಗಿ ಇಳಿಜಾರಿನಲ್ಲಿ ಹಿಂದಕ್ಕೆ ಜಾರಿತು. ಹಿಂದಿನ ಚಕ್ರಕ್ಕೂ ಟೈರು ಗೋಡೆಗೂ ನಡುವೆ ಅಂಚೆಯವನ ಮೊಣಕಾಲು ಸಿಕ್ಕಿತು. ನೆವಿಲ್‌ಗೆ ಸದ್ದು ಕೇಳಿತ್ತು. ಹಸಿ ಹಲಗೆ ಮುರಿದಂಥ ಸದ್ದು. ಅದು ಕಾರಿನದೆಂದು ತಿಳಿದುಕೊಂಡ. ತಿಳಿದುಕೊಂಡನೋ, ತಿಳಿದುಕೊಳ್ಳುವುದೆಂದು ತೀರ್ಮಾನಿಸಿದನೋ, ಈಗ ಬಿಡಿಸಿ ಹೇಳಲಾರ. ತಿರುಗಿ ನೋಡಲಿಲ್ಲವೆಂಬುದು ಮಾತ್ರ ಖಚಿತ. ಸಂಜೆ ಊರಿನ ವಾರಪತ್ರಿಕೆಯವನು ಕೇಳಿದಾಗ, ಮಾರ್ಷಲ್‌ಗಳು ಅಪಾಯ ಗೊತ್ತಿದ್ದೇ ಬರುತ್ತಾರೆ, ನಾವೂ ಹಾಗೇ ಬರುತ್ತೇವೆ ಎಂದಿದ್ದ. ಅದು ಅಚ್ಚಾಯಿತು. ಆ ವಾಕ್ಯದಲ್ಲಿ ಸುಳ್ಳೇನಿದೆ ಎಂದು ಎಷ್ಟೋ ಸಲ ಹುಡುಕಿದ್ದಾನೆ; ಸಿಕ್ಕಿಲ್ಲ. ಆಸ್ಪತ್ರೆಗೆ ತಂಡದ ಕಚೇರಿಯಿಂದ ಅವನ ಸಹಿ ಇದ್ದ ಟೊಪ್ಪಿ ಹೋಯಿತು. ಅವನು ಹೋಗಲಿಲ್ಲ.

ತಂಡದ ಗ್ಯಾರೇಜಿನ ಮುಂದೆ ಗ್ವೆನ್ ಪಾಸ್ಕ್ ನಿಂತಿದ್ದಳು. ತಂಡ ಅವಳದು; ಐವತ್ತು ದಾಟಿದವಳು; ಅವಳ ಮಾತು ಯಾವಾಗಲೂ ಮುಂದಿನ ಕೆಲಸದ ಬಗ್ಗೆ. ಅವನು ಬಂದದ್ದು ನೋಡಿ, ಮೆಕ್ಯಾನಿಕ್ ಡೂಗಿಗೆ, ಯೆಸ್ಪರ್‌ನ ಸೀಟನ್ನು ಲಾರಿಯಿಂದ ಇಳಿಸಿಡು, ಸುಮ್ಮನೆ ಇರಲಿ ಎಂದಳು. ಅದಾಗಲೇ ಇಳಿದಿತ್ತು. ಈ ಕಾರುಗಳ ಸೀಟು ಒಬ್ಬರದು ಇನ್ನೊಬ್ಬರಿಗೆ ಆಗುವುದಿಲ್ಲ. ಕೂತವನ ಬೆನ್ನಿನ ಸುತ್ತ ನೊರೆ ಸುರಿದು ಗಟ್ಟಿಯಾಗಿಸಿ ಮಾಡಿದ್ದು. ಯೆಸ್ಪರ್‌ನ ಬೆನ್ನು ಹಾಗೂ ಸೊಂಟದ ಅಚ್ಚು ಟೈರುಗಳ ರಾಶಿಗೆ ಒರಗಿ ನಿಂತಿತ್ತು, ಎಳೆಯ, ಸಪೂರ ಬೆನ್ನು. ಬದಲಿ ಆಳು ಯೆಸ್ಪರ್ ಡೆನ್ಮಾರ್ಕಿನವನು, ಇಪ್ಪತ್ತೆರಡರವನು, ವೇಗದವನು. ಬನ್ನಿನೊಳಗೆ ಹುರಿದ ಹಂದಿಮಾಂಸ ಇಟ್ಟುಕೊಂಡು ತಿನ್ನುತ್ತಿದ್ದವನು ನೆವಿಲ್ ಬಂದದ್ದು ಕಂಡು ತಿನ್ನುವುದನ್ನು ನಿಲ್ಲಿಸಿದ. ಆ ಮರ್ಯಾದೆಯೇ ಹೆಚ್ಚು ಚುಚ್ಚಿತು. ತಿನ್ನಪ್ಪಾ, ಆರಿಹೋಗುತ್ತೆ ಎಂದ ನೆವಿಲ್. ತಾನೇ ಯೆಸ್ಪರ್ ಆಗಿದ್ದರೆ ತಿನ್ನುತ್ತಲೇ ಇರುತ್ತಿದ್ದ ಎಂದು ಅವನಿಗೆ ಗೊತ್ತಿತ್ತು. ಇಪ್ಪತ್ತಮೂರನೇ ವಯಸ್ಸಿನಲ್ಲಿ ಅವನಿಗೆ ಈ ದರ್ಜೆಯ ಮೊದಲ ಸೀಟು ಸಿಕ್ಕಿದ್ದು ಬೇರೊಬ್ಬನ ಭುಜದ ಮೂಳೆ ಮುರಿದಾಗ. ಎರಡು ವಾರಕ್ಕೆ ಎಂದು ಕೂತವನು ಏಳಲಿಲ್ಲ. ಆ ಬೇರೊಬ್ಬ ಈಗ ಲೀಡ್ಸಿನಲ್ಲಿ ಅಡುಗೆಮನೆ ಕಪಾಟು ಮಾರುತ್ತಾನಂತೆ.

ಗ್ವೆನ್ ಅವನ ಹೆಗಲ ಹತ್ತಿರ ಬಂದು, ಎಂಜಿನ್ ಕಡೆ ನೋಡುತ್ತಲೇ, "ಹತ್ತೂವರೆಗೆ ಆಗಲ್ಲ ಅನ್ನೋದಾದ್ರೆ ಈಗ್ಲೇ ಹೇಳು ನೆವ್. ಬೇಜಾರಿಲ್ಲ. ಸೀಟು ಬದಲಿಸೋಕೆ ಟೈಮ್ ಬೇಕು," ಅಂದಳು.

"ಆಗುತ್ತೆ."

"ಕಾಲು?"

"ಕಾಲಿನ ವಿಷಯ ಅಲ್ಲ ಅದು. ಸ್ಟೀರಿಂಗ್ ಮರೆತೆ."

ಅವಳು ಅವನ ಮುಖ ನೋಡಿದಳು. "ಬರ್ನಾರ್ಡ್ ಎದುರಿಗೆ," ಅಂದಳು. ಅಷ್ಟೇ ಅಂದು ಟೈರಿನ ಗಾಳಿ ನೋಡಲು ಹೋದಳು.

ಕಾಲಿನ ವಿಷಯವೂ ಹೌದೆಂದು ಅವನೊಬ್ಬನಿಗೇ ಗೊತ್ತಿತ್ತು. ಲಾರಿಯ ಹಿಂದೆ ಯಾರಿಗೂ ಕಾಣದ ಕಡೆ ಹೋಗಿ ಗಾಳಿಯಲ್ಲೇ ಅಭ್ಯಾಸ ಮಾಡಿ ನೋಡಿದ. ಬಲಕ್ಕೆ ಹಾರಿದರೆ ಮೈ ಕಾರಿನಿಂದ ಆಚೆಗೆ ಹೋಗುತ್ತದೆ. ಸ್ಟೀರಿಂಗ್ ಇಡಲು ವಾಪಸು ತಿರುಗಬೇಕು. ತಿರುಗಬೇಕಾದರೆ ಇಡೀ ಭಾರ ಎಡಪಾದದ ಮೇಲೆ ಗಿರಕಿ ಹೊಡೆಯಬೇಕು. ಹೊಡೆದ. ಕೀಲಿನೊಳಗೆ ಏನೋ ಬಿಳಿಯದು ಹೊತ್ತಿಕೊಂಡು ಹಲ್ಲಿನವರೆಗೆ ಬಂತು. ಲಾರಿಯ ಬದಿಗೆ ಹಣೆ ಒತ್ತಿ ನಿಂತ. ಇನ್ನೊಂದು ಸಲ ಮಾಡಿದ. ಎರಡನೇ ಸಲ ಕಾಲು ಮಡಚಿ, ಬಲಗೈ ಲಾರಿಯ ಮಡ್‌ಗಾರ್ಡಿಗೆ ತಗುಲಿ ತರಚಿತು. ಹೀಗಾದರೆ ಅಲ್ಲಿ ಬೀಳುತ್ತಾನೆ; ಬಿದ್ದರೆ ಡಾಕ್ಟರ್ ಈ ವಾರಕ್ಕಲ್ಲ, ಈ ವರ್ಷಕ್ಕೇ ಬೇಡವೆನ್ನುತ್ತಾಳೆ. ಮೂವತ್ತಾರನೆಯ ವಯಸ್ಸಿನಲ್ಲಿ ಈ ವರ್ಷವೆಂದರೆ ಉಳಿದ ವರ್ಷಗಳೆಲ್ಲ. ಮಾಡಬೇಕು ಎಂದುಕೊಂಡ. ಹೇಗೆ ಎಂಬುದು ಆಮೇಲಿನ ಪ್ರಶ್ನೆ. ಅವನ ಇಡೀ ಜೀವನ ಈ ಕ್ರಮದಲ್ಲೇ ನಡೆದಿತ್ತು, ಮೊದಲು ಮಾಡಬೇಕು ಎಂಬುದು, ಆಮೇಲೆ ಹೇಗೆ ಎಂಬುದು. ಬ್ಯಾಟ್ಲಿ ಊರಿನ ಕಸಾಯಿ ಅಂಗಡಿಯವನ ಮಗನಾದ ಅವನು ಒಂಬತ್ತನೇ ವಯಸ್ಸಿನಲ್ಲಿ ಮಾಂಸ ಸಾಗಿಸುವ ವ್ಯಾನಿನ ಹಿಂದೆ ಕಾರ್ಟ್ ಎಂಬ ಪುಟ್ಟ ರೇಸ್ ಗಾಡಿ ಹೇರಿಕೊಂಡು ಮುಚ್ಚಿದ ಕಲ್ಲಿದ್ದಲು ಗಣಿಯ ಅಂಗಳಕ್ಕೆ ಹೋದದ್ದೂ, ಉಳಿದ ಹುಡುಗರು ಅವನ ಉಡುಪು ಮೂಸಿ ಮೇಮೇ ಎಂದು ಕೂಗಿದ್ದೂ, ಅವರನ್ನೆಲ್ಲ ಅವನು ಹಿಂದೆ ಹಾಕಿದ್ದೂ ಹಾಗೆಯೇ. ಮೇಲಿನ ದರ್ಜೆಯ ತಂಡವೊಂದು ಅವನನ್ನು ತೆಗೆದುಕೊಂಡದ್ದು ಕಾರು ಪರೀಕ್ಷಿಸಲಿಕ್ಕೆ. ಎರಡು ವರ್ಷ ಖಾಲಿ ಮೈದಾನಗಳಲ್ಲಿ ಮಂಗಳವಾರ ಬುಧವಾರ ಒಬ್ಬನೇ ಸುತ್ತಿದ. ನೋಡುವವರಿರಲಿಲ್ಲ, ಹಿಂದೆ ಹಾಕಲು ಯಾರೂ ಇರಲಿಲ್ಲ. ಅಲ್ಲಿ ರೇಸ್ ಸಿಗಲೇ ಇಲ್ಲ. ಆಮೇಲೆ ಜಪಾನ್, ಆಮೇಲೆ ಮತ್ತೆ ಇಲ್ಲಿ, ಅದೇ ದರ್ಜೆ, ಅದೇ ಕ್ಯಾಲ್ಡರ್ಬಿ. ಜನ ಇದನ್ನು ಇಳಿತ ಎನ್ನುತ್ತಾರೆ. ಅವನಿಗೆ ಹಾಗನಿಸಿಲ್ಲ. ಸಾಲಿನಲ್ಲಿ ನಿಂತು ಕೆಂಪು ದೀಪ ಆರುವುದನ್ನು ಕಾಯುವಾಗ ಕೆಳಗೆ ಮೇಲೆ ಎಂಬುದಿರುವುದಿಲ್ಲ.

ಚಹದ ಗೂಡಂಗಡಿಗೆ ಹೋಗಬೇಕಾದರೆ ತಪಾಸಣೆ ಶೆಡ್ಡಿನ ಪಕ್ಕದಲ್ಲೇ ಹೋಗಬೇಕು. ಶೆಡ್ಡಿನ ಗೋಡೆಯ ಮರೆಯಲ್ಲಿ, ಗಾಳಿ ತಾಗದ ಕಡೆ, ಬರ್ನಾರ್ಡ್ ಮಡಚುವ ಕುರ್ಚಿ ಹಾಕಿಕೊಂಡು ಫ್ಲಾಸ್ಕಿನಿಂದ ಚಹ ಬಗ್ಗಿಸಿಕೊಳ್ಳುತ್ತಿದ್ದ. ಕೆಟ್ಟ ಕಾಲು ಮುಂದೆ ಚಾಚಿತ್ತು, ದಾರಿಗೆ ಅಡ್ಡವಾಗಿ. ನೆವಿಲ್ ಅದನ್ನು ದಾಟಬಹುದಿತ್ತು. ಸುತ್ತು ಹಾಕಬಹುದಿತ್ತು. ಏಳು ವರ್ಷದಲ್ಲಿ ಈ ಮನುಷ್ಯನನ್ನು ಹಲವು ಸಲ ಕಂಡಿದ್ದ, ದೂರದಿಂದ, ಕಿತ್ತಳೆ ಬಣ್ಣದ ಒಂದು ಚುಕ್ಕೆಯಾಗಿ; ಪ್ರತಿಸಲವೂ ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಳ್ಳುವ ಕೆಲಸ ಬಿದ್ದಿತ್ತು. ಈಗ ಹೆಲ್ಮೆಟ್ ಇರಲಿಲ್ಲ.

"ಕೂತ್ಕೋ," ಅಂದ ಬರ್ನಾರ್ಡ್, ಅಲ್ಲಿದ್ದ ಹಳೇ ಟೈರು ತೋರಿಸಿ. "ನಿಂತು ತೋರಿಸ್ಬೇಕಾದವರು ಯಾರೂ ಇಲ್ಲ ಇಲ್ಲಿ."

ಅವನು ಕೂತ. ಕಾಲಿಗೆ ಹಾಯೆನಿಸಿತು, ಅದು ಬರ್ನಾರ್ಡ್‌ಗೆ ತಿಳಿಯಿತೆಂದೂ ಅನಿಸಿತು. ಮೊಟ್ಟೆಯ ಸ್ಯಾಂಡ್‌ವಿಚ್ಚಿನ ಅರ್ಧ ಅವನ ಕಡೆ ಚಾಚಿತು, ಬೇಡವೆಂದ, ಅದು ಹಿಂದಕ್ಕೆ ಹೋಯಿತು. ಏನು ಹೇಳಬೇಕೆಂದು ಅವನು ಏಳು ವರ್ಷ ಮನಸ್ಸಿನಲ್ಲಿ ಆಗಾಗ ಜೋಡಿಸಿಟ್ಟಿದ್ದ ಮಾತುಗಳೆಲ್ಲ ನಿಂತು ಹೇಳುವಂಥವಾಗಿದ್ದವು. ಟೈರಿನ ಮೇಲೆ ಕುಕ್ಕರಿಸಿ ಹೇಳುವಂಥವಲ್ಲ. ಬಾಯಿಗೆ ಬಂದದ್ದು ದೂರು.

"ನೀವು ಹೇಳದೇ ಇದ್ದಿದ್ರೆ ಡಾಕ್ಟರು ಪಾಸ್ ಮಾಡ್ತಿದ್ರು."

"ಇಲ್ಲ. ಸ್ವಲ್ಪ ತಡವಾಗಿ ನೋಡ್ತಿದ್ರು. ಆಯಮ್ಮನಿಗೆ ಕಾಲು ನೋಡೋ ಅಭ್ಯಾಸ. ನನಗೆ ಸ್ಟೀರಿಂಗ್ ನೋಡೋ ಅಭ್ಯಾಸ ಆಗಿಬಿಟ್ಟಿದೆ."

ಇದರಲ್ಲಿ ಕುಟುಕಿದೆಯೋ ಎಂದು ನೆವಿಲ್ ಮುದುಕನ ಮುಖ ಹುಡುಕಿದ. ಮುಖ ಸ್ಯಾಂಡ್‌ವಿಚ್ ತಿನ್ನುತ್ತಿತ್ತು.

"ಮೊಣಕಾಲು ಹೇಗಿದೆ?" ಕೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು, ನಿನ್ನೆ ಬಿದ್ದವನನ್ನು ವಿಚಾರಿಸಿದ ಹಾಗಿತ್ತು.

"ಹತ್ತೋಕೆ ಪರ್ವಾಗಿಲ್ಲ. ಇಳಿಯೋಕಾಗಲ್ಲ. ತಿರುವಲ್ಲಿ ನಿಲ್ಲೋ ಕೆಲಸ ಹೋಯ್ತು, ಅಂಚೆ ಕೆಲಸಾನೂ ಹೋಯ್ತು. ಅದಕ್ಕೇ ಈ ಶೆಡ್ಡು. ಬಿಸಿಲು ಬೀಳಲ್ಲ, ಅದೊಂದು ಬೇಜಾರು." ಚಹ ಕುಡಿದ. "ಟೊಪ್ಪಿ ಬಂತು. ಕೋಳಿಗೆ ಕಾಳು ಹಾಕೋಕೆ ಹೋಗುವಾಗ ಹಾಕ್ಕೊಳ್ತೀನಿ. ನಿನ್ನ ಸಹಿ ಕೋಳಿಗಳಿಗೆಲ್ಲ ಚೆನ್ನಾಗಿ ಗೊತ್ತು."

ನಗಬೇಕೋ ಬೇಡವೋ ತಿಳಿಯದೆ ನೆವಿಲ್ ನೆಲ ನೋಡಿದ. "ಅವತ್ತು ನಾನು..." ಎಂದು ಶುರು ಮಾಡಿದ.

"ಅವತ್ತಿಂದು ಬಿಡು. ಅದು ನನಗೆ ಬಾಯಿಪಾಠ ಆಗೋಗಿದೆ, ನೀನು ಹೇಳಿದ್ರೆ ಹೊಸದೇನೂ ಬರಲ್ಲ." ಬರ್ನಾರ್ಡ್ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿ ಮಾಡಿದ. "ಹತ್ತೂವರೆದು ಹೇಳು. ಸ್ಟೀರಿಂಗ್ ವಾಪಸ್ ಹಾಕ್ತೀಯೋ ಇಲ್ವೋ?"

"ಹಾಕ್ತೀನಿ."

"ಹಾಕಿದ್ರೆ ಹಾಕ್ದ ಅಂತೀನಿ. ಹಾಕದಿದ್ರೆ ಹಾಕಿಲ್ಲ ಅಂತೀನಿ. ಅದಕ್ಕಿಂತ ಹೆಚ್ಚೂ ಸಿಗಲ್ಲ ನಿನಗೆ ನನ್ನಿಂದ, ಕಮ್ಮೀನೂ ಸಿಗಲ್ಲ."

ಅವನು ಎದ್ದು ಬಂದ. ಚಹ ಕುಡಿಯಲು ಹೊರಟವನು ಚಹ ಕುಡಿಯಲಿಲ್ಲ. ಕ್ಷಮಿಸಿದ್ದೇನೆ ಎಂದಿದ್ದರೆ ಹಗುರಾಗುತ್ತಿತ್ತು, ಕ್ಷಮಿಸುವುದಿಲ್ಲ ಎಂದಿದ್ದರೂ ಒಂದು ಬಗೆಯಲ್ಲಿ ಹಗುರಾಗುತ್ತಿತ್ತು. ಎರಡೂ ಇಲ್ಲದೆ ಒಂದು ಕೆಲಸ ಮಾತ್ರ ಕೈಯಲ್ಲಿ ಉಳಿದಿತ್ತು.

ಪರೀಕ್ಷೆ ಮುಗಿದಮೇಲೆ ಕಾರನ್ನು ಗ್ಯಾರೇಜಿಗೆ ತಂದಿದ್ದರು; ಈಗ ಮತ್ತೆ ಶೆಡ್ಡಿಗೆ ಒಯ್ಯಬೇಕು. ಉಳಿದ ಹುಡುಗರು ಟೈರು ತರಲು ಹೋಗಿದ್ದರು. ಡೂಗಿ ಹಿಂದಿನ ರೆಕ್ಕೆಯ ಹತ್ತಿರ ನಿಂತು, ನೂಕೋಕೆ ಇನ್ನಿಬ್ಬರು ಬೇಕು ಎಂದು ಸುತ್ತಲೂ ನೋಡಿದ. ಯೆಸ್ಪರ್ ಬನ್ನಿನ ಕಾಗದ ಮುದುರಿ ಎಸೆದು ಬಂದ. ನೆವಿಲ್ ಕೂಡ ಬಂದ.

"ಡ್ರೈವರ್‌ಗಳು ಕಾರ್ ನೂಕೋದಾ? ಹಿಮ ಬೀಳುತ್ತೆ ಗುರುವೇ, ಏಪ್ರಿಲ್‌ನಲ್ಲಿ," ಅಂದ ಡೂಗಿ. "ಪಕ್ಕದಲ್ಲಿ ನಡಿ. ಒಳಗೆ ಕೈ ಹಾಕಿ ಸ್ಟೀರಿಂಗ್ ಹಿಡ್ಕೊ. ಹೆಸರಿಗೊಂದು ಕೆಲಸ."

ಯಾರಾದರೊಬ್ಬರು ಹಾಗೆ ಪಕ್ಕದಲ್ಲಿ ನಡೆಯುವುದನ್ನು ಅವನು ಸಾವಿರ ಸಲ ನೋಡಿದ್ದ, ಕಾರಿನೊಳಗೆ ಕೂತು. ಬಲಗಡೆ ಸಾಲಾಗಿ ಇಂಧನದ ಪೀಪಾಯಿಗಳಿದ್ದವು, ಹಾಗಾಗಿ ಎಡಗಡೆ ನಿಂತ. ಬಲಗೈ ಒಳಗೆ ಚಾಚಿ ಸ್ಟೀರಿಂಗ್ ಹಿಡಿದ. ಕಾರು ಕದಲಿತು. ಇದು ಇಷ್ಟು ಭಾರವೆಂದು ಅವನಿಗೆ ಗೊತ್ತಿರಲಿಲ್ಲ. ಒಳಗೆ ಕೂತವನಿಗೆ ಅದು ಯಾವತ್ತೂ ತನ್ನ ಮೈಯಷ್ಟೇ ಭಾರ. ಅಪ್ಪ ಹೆರಾಲ್ಡ್ ಕಾರ್ಟನ್ನು ಸಾಲಿನವರೆಗೆ ನೂಕುತ್ತಿದ್ದ, ಒಂದು ಕೈ ಮಗನ ಬೆನ್ನಿನ ಮೇಲೆ. ಆ ಕೈಗೆ ಕುರಿಯ ಕೊಬ್ಬಿನ ವಾಸನೆ. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಆ ಕೈ ಬೆನ್ನಿನಿಂದ ಯಾವಾಗ ಹೋಯಿತೆಂದು ಹುಡುಗನಿಗೆ ಒಂದು ಸಲವೂ ತಿಳಿದಿಲ್ಲ, ಎಂಜಿನ್ ಹತ್ತಿಕೊಂಡಿರುತ್ತಿತ್ತು. ತಿರುಗಿ ನೋಡಿದ್ದರೆ ಅಪ್ಪ ದೂಳಿನಲ್ಲಿ ಸೊಂಟಕ್ಕೆ ಕೈಕೊಟ್ಟು ಏದುಸಿರು ಬಿಡುತ್ತಾ ನಿಂತಿರುತ್ತಿದ್ದನೇನೋ. ಅವನು ತಿರುಗಿ ನೋಡಿದವನಲ್ಲ. ಹಿಂದೆ ಡೂಗಿ ಉಸ್ಸೆನ್ನುತ್ತಿದ್ದ. ಶೆಡ್ಡಿನ ಮುಂದೆ ದಾರಿ ಸ್ವಲ್ಪ ಇಳಿಯುತ್ತದೆ. ಅಲ್ಲಿ ನೆವಿಲ್ ತರಚಿದ ಕೈಯ ಉರಿಗೆ ಸ್ಟೀರಿಂಗ್ ಬಿಟ್ಟ, ಒಂದು ಗಳಿಗೆ. ಮುಂದಿನ ಚಕ್ರಗಳು ತಾವಾಗಿಯೇ ಒಂದು ಕಡೆಗೆ ಹೊರಳಿದವು. ಕಾರಿನ ಮೂತಿ, ಯಾರದೋ ಅಪ್ಪಣೆಯಾದ ಹಾಗೆ, ಗೋಡೆಯ ಪಕ್ಕ ಕುರ್ಚಿಯಲ್ಲಿ ಕಾಲು ಚಾಚಿದ್ದ ಬರ್ನಾರ್ಡ್ ಕಡೆ ತಿರುಗಿತು. "ಹಿಡಿ," ಅಂದ ಡೂಗಿ ಹಿಂದಿನಿಂದ. ಅವನು ಹಿಡಿದಿದ್ದ ಆಗಲೇ, ಎರಡೂ ಕೈಯಲ್ಲಿ, ಸೊಂಟವನ್ನು ಕಾರಿನ ಬದಿಗೆ ಒತ್ತಿ. ಕಾರು ನೇರವಾಯಿತು. ಬರ್ನಾರ್ಡ್ ಕುರ್ಚಿಯಿಂದ ಅಲುಗಿರಲಿಲ್ಲ, ಕಾಲನ್ನು ಮಾತ್ರ ಒಳಗೆಳೆದುಕೊಂಡಿದ್ದ, ಕೈಯಿಂದ, ಅದು ಬೇರೆ ಯಾರದೋ ಸಾಮಾನು ಅನ್ನುವ ಹಾಗೆ.

ಅದೇ ಹೊತ್ತಿಗೆ, ಇದು ಇಂಥ ಗಳಿಗೆಯಲ್ಲಿ ಹೊಳೆಯಬೇಕಾದ್ದಲ್ಲ ಎಂದು ತನ್ನ ಬಗ್ಗೆ ಅಸಹ್ಯಪಟ್ಟುಕೊಳ್ಳುತ್ತಲೇ, ಅವನಿಗೆ ಒಂದು ಸಂಗತಿ ತಿಳಿಯಿತು. ತಾನು ನಿಂತಿರುವುದು ಕಾರಿನ ಎಡಕ್ಕೆ. ಕಾರಿನ ಕಡೆಗೇ ಮುಖ. ಸೊಂಟ ಬದಿಗೆ ಒತ್ತಿದೆ. ಕಾರು ತನ್ನನ್ನು ಹೊತ್ತಿದೆ. ಬಲಗೈ ತಾನಾಗಿಯೇ ಸ್ಟೀರಿಂಗಿನ ಮೇಲಿದೆ. ಗಿರಕಿ ಹೊಡೆಯಬೇಕಾದ್ದೇ ಇಲ್ಲ. ಎಡಕ್ಕೆ ಇಳಿದರೆ ಮುರಿದ ಕಾಲು ಮೊದಲು ನೆಲಕ್ಕೆ ಬೀಳುತ್ತದೆ, ಇಡೀ ಮೈಯ ಭಾರ ಅದರ ಮೇಲೆ ಒಂದು ಸಲ ಬೀಳುತ್ತದೆ. ಆದರೆ ಒಂದೇ ಸಲ. ಆ ಒಂದು ಸಲವನ್ನು ತಪ್ಪಿಸಲಿಕ್ಕೆಂದೇ ಆರು ವಾರ ಬಲಕ್ಕೆ ಹಾರಿದ್ದ, ಗೋಡೆಯ ನೆಪ ಹೇಳಿಕೊಂಡು.

"ಎಡಗಡೆಯಿಂದ ಇಳೀತೀನಿ," ಅಂದ ಡೂಗಿಗೆ, ಬೆಲ್ಟು ಬಿಗಿಸಿಕೊಳ್ಳುವಾಗ.

"ಎಡಗಡೆ ಇರೋದು ಹಾಳು ಕಾಲು ಮಾರಾಯ."

"ಗೊತ್ತು."

ಡೂಗಿ ಸ್ಟೀರಿಂಗಿನ ಮೇಲೂ ಅದು ಕೂರುವ ಕಂಬದ ಮೇಲೂ ಹಳದಿ ಬಣ್ಣದಲ್ಲಿ ತಾನು ಹಾಕಿದ್ದ ಎರಡು ಗೆರೆಗಳನ್ನು ಹೆಬ್ಬೆರಳಿನಿಂದ ಒರೆಸಿ ಚೊಕ್ಕ ಮಾಡಿದ. ಎರಡು ಗೆರೆ ಕೂಡಿದರೆ ಮಾತ್ರ ಸ್ಟೀರಿಂಗ್ ಕೂರುತ್ತದೆ.

ಹತ್ತೂವರೆಗೆ ಡಾಕ್ಟರ್ ಟ್ರೆಲೋರ್ ಕೈಯೆತ್ತಿದಳು. ಗ್ವೆನ್ ಬಾಗಿಲಲ್ಲಿ ನಿಂತಿದ್ದಳು. ಯೆಸ್ಪರ್ ಅವಳ ಹಿಂದೆ, ಉಡುಪು ಕುತ್ತಿಗೆಯವರೆಗೆ ಏರಿಸಿಕೊಂಡು. ಹೆಲ್ಮೆಟ್ಟಿನೊಳಗೆ ನೆವಿಲ್‌ಗೆ ತನ್ನ ಉಸಿರು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಕೈ ಇಳಿಯಿತು. ಬೆಲ್ಟು. ಸ್ಟೀರಿಂಗ್ ಕೈಗೆ ಬಂತು, ಕೈ ಅದನ್ನು ಎಸೆಯಲು ಹೋಯಿತು, ನಿಜವಾಗಿ ಹೋಯಿತು, ಭುಜದವರೆಗೆ ಆ ಸೆಳೆತ ಬಂತು. ಅವನು ಅದನ್ನು ಎದೆಗೆ ಅವಚಿಕೊಂಡ. ಒಂದೇ ಕೈಯೂರಿ ಎದ್ದ, ಕಾಲು ಎಳೆದುಕೊಂಡ, ಎಡಕ್ಕೆ ಇಳಿದ. ಪಾದ ನೆಲ ಮುಟ್ಟಿದಾಗ ಶೆಡ್ಡು ಬೆಳ್ಳಗಾಯಿತು. ಕೂಗಿದನೋ ಇಲ್ಲವೋ ತಿಳಿಯಲಿಲ್ಲ, ಕೂಗಿದ್ದರೂ ಹೆಲ್ಮೆಟ್ಟಿನೊಳಗೇ. ಬಲಗಾಲು ಬಂತು. ಸೊಂಟ ಕಾರಿನ ಬದಿಗೆ ತಾಗಿತು, ಕಾರು ಹೊತ್ತುಕೊಂಡಿತು. ಈಗ ಗೆರೆ. ಹಳದಿ ಗೆರೆ ಎರಡಾಗಿ ಕಾಣುತ್ತಿತ್ತು, ನಾಲ್ಕಾಗಿ ಕಾಣುತ್ತಿತ್ತು. ಕಣ್ಣು ಕಿರಿದು ಮಾಡಿದ. ಒಂದು ಸಲ ಒತ್ತಿದ, ಕೂರಲಿಲ್ಲ. ಕೂರುವವರೆಗೆ ಇಲ್ಲಿಂದ ಹೋಗುವುದಿಲ್ಲ ಎಂದುಕೊಂಡ. ಹೊತ್ತು ಮೀರಿದರೂ ಸರಿ, ಪಾಸೋ ಫೇಲೋ ಅದು ಆಮೇಲೆ, ಇದನ್ನು ಹೀಗೆ ಬಿಟ್ಟು ಹೋಗುವುದಿಲ್ಲ. ಕೂದಲೆಳೆಯಷ್ಟು ತಿರುಗಿಸಿ ಮತ್ತೆ ಒತ್ತಿದ. ಕಟ್ಟೆಂದು ಕೂತಿತು; ಸದ್ದು ಕೇಳಲಿಲ್ಲ, ಅಂಗೈಗೆ ಗೊತ್ತಾಯಿತು.

ಡಾಕ್ಟರ್ ಗಡಿಯಾರ ಒತ್ತಿ ನಿಲ್ಲಿಸಿದಳು, ಆದರೆ ಅದನ್ನು ನೋಡಲಿಲ್ಲ, ಬರ್ನಾರ್ಡ್‌ನನ್ನು ನೋಡಿದಳು. ಬರ್ನಾರ್ಡ್ ಕೋಲೂರಿಕೊಂಡು ಬಂದು ನೆವಿಲ್‌ನ ಪಕ್ಕದಲ್ಲೇ ನಿಂತ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ. ಇಬ್ಬರ ಕೆಟ್ಟ ಕಾಲುಗಳೂ ಕಾರಿನ ಬದಿಗೆ ಒತ್ತಿದ್ದವು. ಒಳಗೆ ಕೈ ಹಾಕಿ ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದ. ಮುಂದಿನ ಚಕ್ರಗಳು ಕಾಂಕ್ರೀಟಿನ ಮೇಲೆ ಕಿರ್ರೆಂದು ಎಡಕ್ಕೆ ಹೊರಳಿದವು. ಬಲಕ್ಕೆ ತಿರುಗಿಸಿದ. ಬಲಕ್ಕೆ ಹೊರಳಿದವು. ನೇರ ಮಾಡಿ ಕೈ ತೆಗೆದ.

"ತಿರುಗುತ್ತೆ," ಅಂದ.

ಡಾಕ್ಟರ್ ಆಗ ಗಡಿಯಾರ ನೋಡಿ, ಹೊತ್ತಿನೊಳಗೇ ಇದೆ ಎಂದು ಹೇಳಿ ಸಹಿ ಹಾಕಿದಳು. ನೆವಿಲ್ ಹೆಲ್ಮೆಟ್ ತೆಗೆದಾಗ ಅವನ ಮುಖ ನೋಡಿ, ಕಾಲು ಹೇಗಿದೆ ಎಂದು ಕೇಳಿದಳು. ಇದೆ ಎಂದ ಅವನು. ಅವಳು ಸೋಮವಾರ ಎಕ್ಸ್‌ರೇ ತೆಗೆಸಲೇಬೇಕೆಂದಳು. ಬರ್ನಾರ್ಡ್ ಆಗಲೇ ಮುಂದಿನ ತಂಡದ ಕಾರಿಗೆ ದಾರಿ ಬಿಡಿ ಎನ್ನುತ್ತಿದ್ದ. ಬಾಗಿಲಲ್ಲಿ ಯೆಸ್ಪರ್ ತನ್ನ ಉಡುಪಿನ ಜಿಪ್ಪು ಸೊಂಟದವರೆಗೆ ಇಳಿಸಿಕೊಂಡು, ಕಾರಿನ ಹಿಂದೆ ನಿಂತು ನೂಕಲು ಕೈಯಿಟ್ಟ. ನೆವಿಲ್ ಎಡಗಡೆ ನಿಂತು ಸ್ಟೀರಿಂಗ್ ಹಿಡಿದ.

ಅರ್ಹತೆಯ ಓಟದಲ್ಲಿ ಅವನು ಹದಿನಾರನೆಯವನಾದ. ಭಾನುವಾರದ ರೇಸಿನಲ್ಲಿ ಹನ್ನೊಂದನೆಯವನಾಗಿ ಮುಗಿಸಿದ. ಸೋಮವಾರದ ಎಕ್ಸ್‌ರೇಯಲ್ಲಿ ಒಂದು ಸ್ಕ್ರೂ ಜರುಗಿರುವುದು ಕಂಡಿತು. ಮುಂದಿನ ರೇಸಿನಲ್ಲಿ ಯೆಸ್ಪರ್ ಓಡಿಸಿ ಮೂರನೆಯವನಾದ. ಅದರ ಮುಂದಿನ ರೇಸಿಗೆ ನೆವಿಲ್ ಮತ್ತೆ ಪರೀಕ್ಷೆಗೆ ಹೋದ, ಎಡಗಡೆಯಿಂದ ಇಳಿದ.